ಶೈತ್ಯಾಗಾರದ ಬಾಗಿಲು

ಮೂರನೆಯ ಬಾರಿ ಶೈತ್ಯಾಗಾರದ ಬಾಗಿಲು ತೆರೆದು ಮುಚ್ಚುವಷ್ಟರಲ್ಲಿ, ಗೋಡೆಯ ಯಂತ್ರವು ಕಾಗದದ ಮೇಲೆ ಎಳೆಯುತ್ತಿದ್ದ ನೀಲಿ ಗೆರೆ ಸೊನ್ನೆಗಿಂತ ಇಪ್ಪತ್ತೆರಡು ಡಿಗ್ರಿ ಕೆಳಗಿನಿಂದ ಹತ್ತೊಂಬತ್ತಕ್ಕೆ ಏರಿತ್ತು. ಯಂತ್ರಗಳನ್ನು ಜೋಡಿಸಿಕೊಟ್ಟಿದ್ದ ಡಿಕ್ಸನ್ ತಲೆಯ ಮೇಲೆ ಕೈಹೊತ್ತು ನಿಂತ. ಗೆರೆ ಹದಿನೆಂಟನ್ನು ದಾಟಿದರೆ, ನಾಲ್ಕು ಗಂಟೆಗೆ ಬರುವ ತಪಾಸಣೆಯ ಅಧಿಕಾರಿ ಒಪ್ಪಿಗೆ ಕೊಡುವಂತಿಲ್ಲ. ಒಪ್ಪಿಗೆಯಿಲ್ಲದೆ, ಹೊರಗೆ ನಿಂತ ಕಂಟೇನರಿನಿಂದ ಆಸ್ಟ್ರೇಲಿಯಾದ ಕುರಿಮಾಂಸ ಇಳಿಯುವಂತಿಲ್ಲ. ಅಂದು ಗುರುವಾರ. ಅಧಿಕಾರಿ ಮತ್ತೆ ಬರುವುದು ಶುಕ್ರ, ಶನಿವಾರಗಳ ರಜೆ ಕಳೆದು ಭಾನುವಾರ. ಅಷ್ಟರಲ್ಲಿ ಮೊದಲ ಗಿರಾಕಿಗಳಾದ ದುಬೈಯ ಅಲ್ ಕೂಜ್‌ನ ಕಾರ್ಮಿಕರ ಕ್ಯಾಂಪಿನ ಅಡುಗೆಮನೆಯವರು ಇನ್ನೊಬ್ಬರ ಬಾಗಿಲಿಗೆ ಹೋಗಿರುತ್ತಾರೆ.

ತಪ್ಪು ಒಡೆಯನಾದ ಅನ್ಸಾರನದೇ. ಎಷ್ಟೋ ವರ್ಷ ಪರರ ಗೋದಾಮುಗಳಲ್ಲಿ ದುಡಿದು ಕೊನೆಗೆ ತನ್ನದೆಂದು ಒಂದನ್ನು ಕಟ್ಟಿದ ಸಂಭ್ರಮದಲ್ಲಿ ಅವನು ದುಬೈ, ಅಬುಧಾಬಿಗಳ ಬಂಧುಮಿತ್ರರೆಲ್ಲರನ್ನೂ ಆರಂಭದ ದಿನವೇ ಆಹ್ವಾನಿಸಿದ್ದ. ಆಗಸ್ಟ್ ತಿಂಗಳ ನಡುಹಗಲಲ್ಲಿ ಬೆವರೊರೆಸಿಕೊಳ್ಳುತ್ತ ಬಂದವರಿಗೆ ಹಿಮದ ಕೋಣೆಯೊಂದು ಕೈಯಳತೆಯಲ್ಲಿದೆ ಎಂದ ಮೇಲೆ ಸುಮ್ಮನಿರಲಾದೀತೆ? ಗೆಳೆಯ ಶಾಹುಲ್ ಹಮೀದನ ಮನೆಮಂದಿ ಒಳಹೊಕ್ಕು, ಬಾಯಿಂದ ಬಿಳಿಯ ಹಬೆ ಬಿಡುತ್ತ ಫೋಟೊ ತೆಗೆಸಿಕೊಂಡು ಹೊರಬರಲು ಏಳು ನಿಮಿಷ ಹಿಡಿದಿತ್ತು.

"ಇನ್ನು ಯಾರಿಗೂ ತೆರೆಯಬೇಡ ಮಾರಾಯ," ಎಂದ ಡಿಕ್ಸನ್.

"ಬಂದವರ ಹತ್ತಿರ ಬೇಡ ಅಂತ ಹೇಗೆ ಹೇಳುವುದು? ನನಗೆ ನಾಲಗೆ ಬರುವುದಿಲ್ಲ."

"ಹಾಗಾದರೆ ಹೊರಗಿನ ಕುರಿಗಳಿಗೆ ಹೇಳು, ಭಾನುವಾರದವರೆಗೆ ಬಿಸಿಲು ಕಾಯಿಸಲಿ ಅಂತ."

ಅನ್ಸಾರನ ತಾಯಿ ಖತೀಜಮ್ಮ ಇದನ್ನು ಕೇಳಿಸಿಕೊಂಡರು. ವಿಸಿಟ್ ವೀಸಾದಲ್ಲಿ ಉಪ್ಪಿನಂಗಡಿಯಿಂದ ಬಂದಿಳಿದು ಎರಡೇ ದಿನವಾಗಿತ್ತು. ಡಿಕ್ಸನನನ್ನು ಹತ್ತಿರ ಕರೆದು, ಆ ನೀಲಿ ಗೆರೆ ಎಂತದು ಎಂದು ವಿಚಾರಿಸಿದರು. ಅವನು ಹೇಳಿದ್ದನ್ನೆಲ್ಲ ಕೊನೆಯವರೆಗೆ ಕೇಳಿ, ತಾವು ಕುಳಿತಿದ್ದ ಪ್ಲಾಸ್ಟಿಕ್ ಕುರ್ಚಿಯನ್ನು ಎತ್ತಿಕೊಂಡು ಹೋಗಿ ಶೈತ್ಯಾಗಾರದ ಬಾಗಿಲಿಗೇ ಬೆನ್ನು ತಾಗುವಂತೆ ಇಟ್ಟು, ತಸ್ಬಿಯ ಮಣಿಗಳನ್ನು ಎಣಿಸುತ್ತ ಕುಳಿತುಬಿಟ್ಟರು. ಆಮೇಲೆ ಬಂದವರೆಲ್ಲರ ಮನೆಯ ಕ್ಷೇಮಸಮಾಚಾರವನ್ನು ಆ ಕುರ್ಚಿಯಿಂದಲೇ ವಿಚಾರಿಸಿದರು, ಖರ್ಜೂರ ಕೊಟ್ಟರು, ಶರಬತ್ತು ಕುಡಿಸಿದರು. ಒಳಗೆ ಹೋಗುವುದು ಮಾತ್ರ ಇನ್ನೊಂದು ದಿನ ಎಂದರು. ಆ ನಗುಮುಖಕ್ಕೆ ಎದುರಾಡಲು ಯಾರಿಗೂ ಮನಸ್ಸಾಗಲಿಲ್ಲ. ಗೆರೆ ನಿಧಾನವಾಗಿ ಇಳಿಯತೊಡಗಿತು.

ಎರಡೂವರೆಯ ಹೊತ್ತಿಗೆ ಅಬುಧಾಬಿಯ ಖಲೀಫಾ ಸಿಟಿಯಿಂದ ಅಹ್ಮದ್ ಕುಂಞಿಯವರ ಕಾರು ಬಂತು. ಅವರು ಖತೀಜಮ್ಮನ ಅಣ್ಣ; ತಂಗಿಯ ಬಾಯಲ್ಲಿ ಕಾಕ. ಅನ್ಸಾರನಿಗೆ ಮೊದಲ ವೀಸಾ ಕಳುಹಿಸಿದವರು ಅವರೇ. ಎರಡು ವರ್ಷ ಮನೆಯಲ್ಲಿಟ್ಟುಕೊಂಡು, ಜ್ವರ ಬಂದರೆ ಹಣೆಗೆ ಒದ್ದೆಬಟ್ಟೆ ಹಾಕಿದವರೂ ಅವರೇ. ಹೆಂಡತಿ ಆಚುಮ್ಮ ಕಟ್ಟಿಕೊಟ್ಟ ಸಿಹಿತಿಂಡಿಯ ಡಬ್ಬಿ ಹಿಡಿದು, ಮುಖವೆಲ್ಲ ನಗುವಾಗಿ ಅವರು ಬಂದದ್ದನ್ನು ಕಂಡಾಗ ಅನ್ಸಾರನ ಕೈ ತಾನಾಗಿಯೇ ಬಾಗಿಲಿನ ಹಿಡಿಕೆಗೆ ಹೋಯಿತು. ಕಂಟೇನರ್ ಹೋದರೆ ಹೋಗಲಿ, ಈ ಮಾಮನನ್ನು ಹೊರಗೆ ನಿಲ್ಲಿಸುವುದೆಂತು?

ಖತೀಜಮ್ಮ ಕುರ್ಚಿಯಿಂದ ಏಳಲಿಲ್ಲ.

"ಕಾಕ, ಇವತ್ತು ಒಳಗೆ ಹೋಗುವುದು ಬೇಡ."

"ಯಾರು, ನಾನಾ?"

"ನೀವೂ. ನಾಲ್ಕು ಗಂಟೆಗೆ ಆಫೀಸರ್ ಬಂದು ನೋಡುವವರೆಗೆ ಇದನ್ನು ತೆರೆಯಲಿಕ್ಕಿಲ್ಲ."

"ನೂರು ಕಿಲೋಮೀಟರ್ ಬಂದದ್ದು ನಾನು, ಖತೀಜ. ಬಾಗಿಲು ನೋಡಲಿಕ್ಕಾ?"

"ಸಮುದ್ರ ದಾಟಿ ಬಂದ ನಾನೂ ಬಾಗಿಲನ್ನೇ ನೋಡಿದ್ದು."

ಅಹ್ಮದ್ ಕುಂಞಿಯವರು ತಂಗಿಯನ್ನು ನೋಡಿದರು, ಹಿಡಿಕೆಯಿಂದ ಮೆಲ್ಲನೆ ಕೆಳಗಿಳಿದ ಅಳಿಯನ ಕೈಯನ್ನು ನೋಡಿದರು. ಡಬ್ಬಿಯನ್ನು ಮೇಜಿನ ಮೇಲಿಟ್ಟು, ಶರಬತ್ತಿನ ಲೋಟವನ್ನು ಮುಟ್ಟದೆ ಕಾರಿನತ್ತ ನಡೆದರು. ಹಿಂದೆಯೇ ಓಡಿದ ಅನ್ಸಾರನಿಗೆ, ಕೆಲಸ ನೋಡು ಹೋಗು ಎಂದಷ್ಟೇ ಹೇಳಿ ಹೊರಟುಹೋದರು. ಅದು ಕೋಪವೋ ಹಾರೈಕೆಯೋ ಅವನಿಗೆ ತಿಳಿಯಲಿಲ್ಲ.

ನಾಲ್ಕು ಗಂಟೆಗೆ ಅಧಿಕಾರಿ ಬಂದಾಗ ಗೆರೆ ಇಪ್ಪತ್ತೊಂದರಲ್ಲಿ ನೆಟ್ಟಗೆ ಮಲಗಿತ್ತು. ಸಹಿ ಬಿತ್ತು. ಸಂಜೆಯೊಳಗೆ ಮೊದಲ ಪೆಟ್ಟಿಗೆಗಳು ಕ್ಯಾಂಪಿನ ಅಡುಗೆಮನೆ ಸೇರಿದವು. ಡಿಕ್ಸನ್ ಸಂತೋಷದಿಂದ ಖತೀಜಮ್ಮನನ್ನು ಒಳಗೆ ಕರೆದ; ಆಕೆಗೆ ಅತ್ತ ಗಮನವೇ ಇರಲಿಲ್ಲ. ಮಾಮನಿಗೆ ಮೂರು ಸಲ ಫೋನು ಮಾಡಿದರೂ ಎತ್ತಲಿಲ್ಲವೆಂದು ಅನ್ಸಾರ್ ಹೇಳಿದ್ದನ್ನು ಕೇಳಿ, "ನಾಳೆ ಜುಮಾ ನಮಾಜು ಕಳೆದ ಕೂಡಲೇ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗು," ಎಂದರು. ಆ ರಾತ್ರಿ ಅವರು ಸರಿಯಾಗಿ ಉಣ್ಣಲಿಲ್ಲ.

ಶುಕ್ರವಾರ ಖಲೀಫಾ ಸಿಟಿಯ ಆ ಮನೆಯೆದುರು ಕಾರು ನಿಂತಾಗ ಗಾಳಿ ಒಲೆಯ ಬಾಯಿಂದ ಬಂದಂತೆ ಸುಡುತ್ತಿತ್ತು. ಖತೀಜಮ್ಮ ಕರೆಗಂಟೆ ಒತ್ತಿ, ನೆರಳಿನಿಂದ ಎರಡು ಹೆಜ್ಜೆ ಹಿಂದೆ ಸರಿದು ಬಿಸಿಲಿನಲ್ಲಿಯೇ ನಿಂತರು. ಕರೆದರೆ ಹೋಗುವುದು, ಕರೆಯದಿದ್ದರೆ ಇಲ್ಲ ಎಂಬಂತಿತ್ತು ಆ ನಿಲುವು. ಬಟ್ಟೆಯ ಸೆರಗನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದುದನ್ನು ಅನ್ಸಾರ್ ಕಂಡ. ಹಿಂದಿನ ದಿನ ಕುರ್ಚಿಯಲ್ಲಿ ಒಂದೇ ಹದದಲ್ಲಿ ಮಣಿ ಎಣಿಸಿದ್ದ ಕೈ ಅದು.

ಬಾಗಿಲು ತೆರೆದವರು ಅಹ್ಮದ್ ಕುಂಞಿಯವರೇ. ತೆರೆದ ಕದವನ್ನು ಗೋಡೆಗೆ ತಾಗುವವರೆಗೆ ತಳ್ಳಿದರು. ಬಳಿಕ ಬಗ್ಗಿ, ಮದುವೆಗೋ ಸೋಫಾ ಸಾಗಿಸುವುದಕ್ಕೋ ಮಾತ್ರ ತೆರೆಯುವ ಎರಡನೆಯ ಕದದ ಚಿಲಕವನ್ನೂ ಎಳೆದು, ಅದನ್ನೂ ಅಗಲಿಸಿದರು. ಬಿಸಿಗಾಳಿ ನುಗ್ಗಿ ಒಳಗಿನ ಪರದೆಗಳು ಹಾರಿದವು. ತಂಪೆಲ್ಲ ಹೊರಗೆ ಹೋಯಿತು, ಬಾಗಿಲು ಹಾಕಿ ಎಂದು ಆಚುಮ್ಮ ಅಡುಗೆಮನೆಯಿಂದ ಕೂಗಿ ಹೇಳಿದರು. ಅದು ಕೇಳಿಸದವರಂತೆ, ಎರಡು ಕದಗಳನ್ನೂ ಎರಡು ಕೈಗಳಲ್ಲಿ ಹಿಡಿದು ಅವರು ನಿಂತೇ ಇದ್ದರು.

ಖತೀಜಮ್ಮ ಗಡಿಬಿಡಿಯಿಂದ ಚಪ್ಪಲಿ ಕಳಚಹೋಗಿ ತಡವರಿಸಿದರು.

"ಅವಸರ ಎಂತದ್ದು," ಎಂದರು ಅಣ್ಣ. "ನಿಧಾನ ಬಾ."