ರೊಟ್ಟಿ ಬಡಿಯುವ ಟೇಬಲ್ಲಿಗೆ ಗರಗಸ ಹಚ್ಚಿದವಳು

ಇದನ್ನು ಓದಿ ಕಣ್ಣು ಒದ್ದೆಯಾಗದಿದ್ದರೆ ನನ್ನ ನಂಬರ್ ಬ್ಲಾಕ್ ಮಾಡಿ... ಇದುವರೆಗೆ ಯಾರಿಗೂ ಆ ಧೈರ್ಯ ಬಂದಿಲ್ಲ.

ಗದಗಿನ ನಮ್ಮ ಓಣಿಯಲ್ಲಿ ಎದುರುಬದುರು ಎರಡು ಖಾನಾವಳಿ. ಈಚೆ ನೀಲವ್ವನದು, ಆಚೆ ಸಾವಂತ್ರೆವ್ವನದು.

ಇಬ್ಬರ ಜಿದ್ದು ಎಂಥದ್ದೆಂದರೆ... ಒಬ್ಬಳು ಒಗ್ಗರಣೆ ಹಾಕಿದರೆ ಇನ್ನೊಬ್ಬಳು ಬಂದ ಸೀನನ್ನೂ ತಡೆದುಕೊಳ್ಳುತ್ತಿದ್ದಳು.

ನೀಲವ್ವನ ಜೋಳದ ರೊಟ್ಟಿ ಎಷ್ಟು ತೆಳು ಅಂದರೆ, ಅದನ್ನು ಕಣ್ಣೆದುರು ಹಿಡಿದು ನಾನು ಪೇಪರ್ ಓದಿದ್ದೇನೆ. ಅದೂ ಸಣ್ಣಕ್ಷರದ ಟೆಂಡರ್ ಜಾಹೀರಾತು.

ಆದರೆ ಜೀವಮಾನವಿಡೀ ನೆಲದ ಮೇಲೆ ಕುಳಿತು ರೊಟ್ಟಿ ಬಡಿದು ಆಕೆಯ ಮೊಣಕಾಲು ಸೋತಿದ್ದವು... ಏಳುವಾಗ ಬರುವ ಲಟಕ್ ಸದ್ದು ಹುಬ್ಬಳ್ಳಿಗೆ ಕೇಳುತ್ತಿತ್ತು.

ಡಾಕ್ಟರು ಹೇಳಿದ್ದು ಒಂದೇ ಮಾತು: "ಇನ್ಮ್ಯಾಲೆ ನೆಲಕ್ಕ ಕೂಡಬ್ಯಾಡ್ರಿ."

ಕೂರದೆ ರೊಟ್ಟಿ ಬಡಿಯುವುದು ಹೇಗೆ? ಆ ಖಾನಾವಳಿಯೇ ಆಕೆಯ ಅನ್ನ, ಆಕೆಯ ಹೆಸರು. ಅದು ಮುಚ್ಚುವ ದಿನ ಹತ್ತಿರವಾಯಿತು...

ಅಷ್ಟರಲ್ಲಿ ಒಂದು ಬೆಳಗ್ಗೆ ಬಡಿಗ ಮೌನೇಶಪ್ಪ ಬಂದ. ತಾನಾಗಿಯೇ.

ಮೌನೇಶಪ್ಪ ಎಂದರೆ, ಮುರಿದ ಬಾಗಿಲು ರಿಪೇರಿಗೆ ಕರೆದರೆ ಕಳ್ಳ ಬಂದು ಹೋದ ಮೇಲೆ ಬರುವ ಆಸಾಮಿ. ಕರೆಯದೆ ಬಂದನೆಂದರೆ...?

ತಳ್ಳುಗಾಡಿಯ ತುಂಬ ಮರ. ಸಾಮಿಲ್‌ನಲ್ಲಿ ಒಂದೇ ಸೈಜಿಗೆ ಕೊಯ್ದಿಟ್ಟ, ನಾಲ್ಕಿಂಚು ಅಗಲ ಎರಡಿಂಚು ದಪ್ಪದ ತುಂಡುಗಳು.

"ಅಕ್ಕಾರ, ನಿಮ್ಮ ಹಿತ್ತಲದಾಗ ಕಡಪಾ ಕಲ್ಲಿನ ಚಪ್ಪಡಿ ಸುಮ್ನ ಬಿದ್ದೈತಲ್ಲ. ಅದಕ್ಕ ಕಟಗೀ ಸ್ಟ್ಯಾಂಡ್ ಮಾಡಿಕೊಡ್ತೀನಿ. ನಿಂತ ರೊಟ್ಟಿ ಬಡೀರಿ."

"ಯಾರು ಕಳಿಸ್ಯಾರ ನಿನ್ನ?"

"ಯಾರಿಲ್ರಿ... ಕಟಗಿ ಉಳದಿತ್ತು, ಹಂಗ ಬಂದೆ."

"ಹಂಗ ಬರಾಂವ ಅಲ್ಲ ನೀ. ನಿಮ್ಮವ್ವನ ಮನೀಗೂ ಹಂಗ ಹೋಗಾಂವಲ್ಲ."

ಬೇಡ ಎನ್ನಲು ಮೊಣಕಾಲು ಬಿಡಲಿಲ್ಲ. ನೀಲವ್ವ ಒಪ್ಪಿದಳು, ಕಣ್ಣು ಮಾತ್ರ ಅವನ ಮೇಲಿಂದ ಕದಲಿಸಲಿಲ್ಲ.

ಅವನು ಎರಡೆರಡು ತುಂಡು ಜೋಡಿಸಿ ದಪ್ಪ ಕಾಲು ಮಾಡಿದ. ಮೇಲೆ ಚೌಕಟ್ಟು, ಕೆಳಗೆ ಅಡ್ಡಪಟ್ಟಿ, ಬಡಿತಕ್ಕೆ ಅಲುಗಾಡದಂತೆ ಮೂಲೆ ಮೂಲೆಗೆ ಓರೆಯಾಗಿ ಇನ್ನೊಂದು ಪಟ್ಟಿ...

ಆನೆ ಹತ್ತಿ ಕುಣಿದರೂ ಅದು ಕಿರ್ ಎನ್ನುವಂತಿರಲಿಲ್ಲ. ಆನೆ ಸಿಗದ್ದರಿಂದ ನಾನೇ ಹತ್ತಿ ನೋಡಿದೆ.

"ನನ್ನ ಅಳತಿ ತಗೊಳ್ಳೂದಿಲ್ಲೇನು?" ನೀಲವ್ವ ಕೇಳಿದಳು.

"ಟೇಬಲ್ ಅಂದ್ರ ಟೇಬಲ್ರಿ ಅಕ್ಕಾರ. ಕೆಲಸ ಕಲತಾಗಿಂದ ಇದ ಎತ್ತರಕ್ಕ ಮಾಡೀನಿ."

ಅತ್ತ ಸಾವಂತ್ರೆವ್ವ ತನ್ನ ಬಾಗಿಲಲ್ಲಿ ನಿಂತು ಇಣುಕುವುದು, ನೀಲವ್ವ ನೋಡಿದ ಕೂಡಲೇ ಕಸ ಗುಡಿಸುವುದು... ಆ ವಾರ ಗುಡಿಸಿದ ರಭಸಕ್ಕೆ ರಸ್ತೆಯ ಡಾಂಬರೇ ಎದ್ದುಹೋಯಿತು.

ನೀಲವ್ವ ನನ್ನ ತಟ್ಟೆಗೆ ಪಲ್ಯ ಬಡಿಸುತ್ತಾ ಪಿಸುಗುಟ್ಟಿದಳು: "ತಮ್ಮಾ, ಈ ಮೌನ್ಯಾ ದಿನಾ ಆಕಿ ಮನ್ಯಾಗ ಚಾ ಕುಡದು ಇಲ್ಲಿಗೆ ಬರ್ತಾನ. ಈ ಟೇಬಲ್ದಾಗ ಏನೋ ಐತಿ."

ಸ್ಟ್ಯಾಂಡ್ ಮೇಲೆ ಕಲ್ಲು ಏರಿಸಿದ ದಿನ ಅನುಮಾನ ನಿಜವಾದಂತೆಯೇ ಕಂಡಿತು. ನಿಂತು ಬಡಿದ ರೊಟ್ಟಿಯೆಲ್ಲ ಹರಿದವು... ತೋಳು ನೋವಿಗೆ ಮೇಲೇಳಲಿಲ್ಲ.

ನನ್ನ ಪಾಲಿಗೆ ಬಂದ ರೊಟ್ಟಿಯಲ್ಲಿ ಕರ್ನಾಟಕದ ನಕ್ಷೆ ಕಾಣುತ್ತಿತ್ತು, ತಾಲ್ಲೂಕುಗಳ ಸಮೇತ.

"ಸಾಕಪಾ. ಅಮಾಸಿಗೆ ಬಾಗಲಾ ಹಾಕ್ತೀನಿ. ಆಮ್ಯಾಗ ನೀವೆಲ್ಲಾ ಎದ್ರಿಗೆ ಹೋಗಿ ಉಣ್ರಿ. ಆಕಿಗೆ ಬೇಕಾಗಿದ್ದೂ ಅದ."

ಆ ಮಾತು ಹೇಳುವಾಗ ನೀಲವ್ವ ಗೋಡೆಯ ಕಡೆ ತಿರುಗಿದ್ದಳು...

ಮರುದಿನ ಮಧ್ಯಾಹ್ನ ನಾನೂ ನೀಲವ್ವನೂ ಹಿಟ್ಟಿನ ಗಿರಣಿಯಿಂದ ಬಂದೆವು. ಹಿಟ್ಟಿನ ಚೀಲ ನನ್ನ ಕಿರುಬೆರಳಲ್ಲಿತ್ತು, ನಂಬುವವರು ನಂಬಿ.

ಅಡುಗೆಮನೆಯಿಂದ ಕರ್ ಕರ್ ಸದ್ದು.

ಕಲ್ಲು ಗೋಡೆಗೆ ಒರಗಿದೆ. ಸ್ಟ್ಯಾಂಡ್ ತಲೆಕೆಳಗಾಗಿ ಬಿದ್ದಿದೆ. ಮೌನೇಶಪ್ಪ ಅದರ ಕಾಲು ಹಿಡಿದಿದ್ದಾನೆ... ಸಾವಂತ್ರೆವ್ವ ಗರಗಸ ಆಡಿಸುತ್ತಿದ್ದಾಳೆ.

"ಸಿಕ್ರಿ ಇಬ್ರೂ," ಎಂದಳು ನೀಲವ್ವ, ತಣ್ಣಗೆ. "ಬಾಗಲಾ ಹಾಕ್ತೀನಿ ಅಂದ ಮ್ಯಾಲೂ ಕಾಲು ಕಡ್ಯಾಕ ಬಂದಿ? ನನ್ನ ಕಾಲು ಹೋಗಿದ್ದು ಸಾಲಲಿಲ್ಲೇನ ನಿನಗ?"

ಸಾವಂತ್ರೆವ್ವ ಗರಗಸ ಬಿಡಲಿಲ್ಲ, ತಲೆಯನ್ನೂ ಎತ್ತಲಿಲ್ಲ.

"ಇಂವಾ ತನ್ನ ಅಳತೀಗೆ ಟೇಬಲ್ ಮಾಡಿ ಇಟ್ಟಾನ. ನಿನ್ನೆ ಬಾಗಲದಾಗಿಂದ ನೋಡಿದೆ, ರೊಟ್ಟಿ ಬಡಿಯಾಗ ನಿನ್ನ ಹೆಗಲು ಕಿವೀಗೆ ಹತ್ತಿದ್ದುವು. ಕೈ ಮ್ಯಾಲಿಂದ ಬೀಳಬೇಕಲ್ಲ. ನಾಕು ಬೆರಳು ಇಳಸಬೇಕು. ತಾ ಮಾಡಿದ್ದಕ್ಕ ತಾನ ಗರಗಸ ಹಚ್ಚಂಗಿಲ್ಲ ಅಂತಾನ ಈ ಮೊಂಡ. ಅದಕ್ಕ ನಾ ಕೊಯ್ಯಾಕತ್ತೀನಿ."

"ಹಂಗಾರ... ಇವನ್ನ ಕಳಿಸಿದಾಕಿ?"

"ನಾನ. ನನ್ನ ಹೆಸರು ಹೇಳಿದ್ರ ನೀ ಒಳಗ ಬಿಡ್ತಿದ್ದೇನು?"

ನೀಲವ್ವ ಇನ್ನೂ ನಂಬಲಿಲ್ಲ. "ನಾ ಮುಚ್ಚಿದ್ರ ನನ್ನ ಗಿರಾಕಿ ಎಲ್ಲಾ ನಿನಗ ಬರ್ತಾವು. ಉಳಸೂದು ಯಾಕ?"

ಗರಗಸ ನಿಂತಿತು...

"ನಮ್ಮ ಮನಿಯವರು ತೀರಿಕೊಂಡ ವರ್ಷ ನಾ ಹಾಸಿಗೀ ಬಿಟ್ಟು ಏಳ್ತಿದ್ದಿಲ್ಲ. ಮುಂಜಾನೆ ಈ ಕಡಿಂದ ನೀ ರೊಟ್ಟಿ ಬಡಿಯೂ ಸಪ್ಪಳ ಬರ್ತಿತ್ತು. ಈಕಿ ಎದ್ದಾಳ, ನಾ ಮಲಗಿದ್ರ ಗೆದ್ದ ಬಿಡ್ತಾಳ ಅಂತ ಸಿಟ್ಟಿಲೆ ಏಳ್ತಿದ್ದೆ. ಇವತ್ತಿಗೂ ಹಂಗ ಏಳೂದು. ನಿನ್ನ ಸಪ್ಪಳ ನಿಂತ್ರ... ನಾ ಯಾತಕ್ಕ ಏಳ್ಲಿ, ಹೇಳು."

ಮೌನೇಶಪ್ಪ ಕಣ್ಣಿಗೆ ಮರದ ಪುಡಿ ಬಿತ್ತೆಂದ.

ನಾನು ಸುರಿಸಿದ ಕಣ್ಣೀರಿಗೆ ಅರ್ಧ ಚೀಲ ಹಿಟ್ಟು ಅಲ್ಲೇ ಕಲಸಿಹೋಯಿತು.

ನೀಲವ್ವ ಗೋಡೆ ಹಿಡಿದು ಮೆಲ್ಲಗೆ ಬಂದಳು. ಸೆರಗಿನಿಂದ ಮೂಗು ಒರೆಸಿಕೊಂಡು, ಇನ್ನೂ ಕೊಯ್ಯದ ಕಾಲನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಳು.

"ನೆಟ್ಟಗ ಕೊಯ್ಯಿ. ಸೊಟ್ಟ ಆತಂದ್ರ ಬೇಕಂತನ ಮಾಡಿದಿ ಅಂತೀನಿ."

"ಅನ್ನು. ಅದು ಬಿಟ್ರ ನಿನಗ ಬ್ಯಾರೆ ಏನು ಬರ್ತೈತಿ."

ಖಾನಾವಳಿ ಮುಚ್ಚಲಿಲ್ಲ. ನೀಲವ್ವ ಈಗ ನಿಂತೇ ರೊಟ್ಟಿ ಬಡಿಯುತ್ತಾಳೆ... ಜಿದ್ದು ಮಾತ್ರ ನೂರು ಪಟ್ಟಾಗಿದೆ.

*ಎದುರು ನಿಂತವರೆಲ್ಲ ನಮ್ಮನ್ನು ಬೀಳಿಸಲು ನಿಂತವರಲ್ಲ. ಕೆಲವರು ನಾವು ನಿಂತಿರುವುದರಿಂದಲೇ ನಿಂತಿರುತ್ತಾರೆ.*

ನೀವು ಅನುಮಾನದಿಂದ ನೋಡುವ ಆ ಒಬ್ಬರು... ಬೆಳಗ್ಗೆ ಯಾರ ಸಪ್ಪಳಕ್ಕೆ ಏಳುತ್ತಾರೆಂದು ಒಮ್ಮೆಯಾದರೂ ಕೇಳಿದ್ದೀರಾ?