ಹೆಸರಿಲ್ಲದ ಹೂವು

ಮೊನ್ನೆ ಮಾಲಿಯೊಬ್ಬ ಈ ಹೂವಿಗೆ ‘ಫ್ಲಾಕ್ಸ್’ ಎಂಬ ಹೆಸರಿದೆ ಎಂದಾಗ ನನಗೆ ಸಿಟ್ಟೇ ಬಂತು.

ಮನೋಳಿಯಲ್ಲಿ ಸಾಹೇಬರ ಬಂಗಲೆಯ ಬೇಲಿಯಾಚೆ ಕಾಡುಗಿಡದಂತೆ ಹಬ್ಬಿದ್ದ ಅದನ್ನು ತಂದು ಹಿತ್ತಲಲ್ಲಿ ನೆಟ್ಟವಳು ನನ್ನ ಸೋದರತ್ತೆ. ಗಂಡ ಸತ್ತ ಮೇಲೆ ಅವಳು ಹೂ ಮುಡಿಯುವಂತಿರಲಿಲ್ಲ. ಗಿಡ ಮೊದಲು ಅರಳಿದ ಮಧ್ಯಾಹ್ನ ಕೂತಲ್ಲಿ ಕೂರದೆ ಒಳಗೂ ಹೊರಗೂ ಸುತ್ತಿದಳು. ಅವಳ ಸೆರಗು ಹಿಡಿದು ನಾನೂ ಸುತ್ತಿದೆ. ಕಡೆಗೆ ಒಂದು ಹೂ ಕಿತ್ತು ಅಜ್ಜಿಯ ಮುಂದೆ ಹಿಡಿದಳು.

ಜೋಳ ಹಸನು ಮಾಡುತ್ತಿದ್ದ ಅಜ್ಜಿ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. “ಸದಾಫುಲಿ ಅಲ್ಲ, ಜಾಜಿನೂ ಅಲ್ಲ. ಹೆಸರಿಲ್ಲದ್ದು ಎಂಥಾ ಹೂವ? ದೇವರಿಗೆ ಏರಸಬ್ಯಾಡ.”

“ಹಂಗಾರ ಇದು ಹೂವಲ್ಲ, ಹೌದಲ್ಲ ಯವ್ವಾ?” ಅತ್ತೆ ಕೇಳಿದಳು.

“ಅಲ್ಲ ಅಂದ್ನೆಲ್ಲ.”

ಅತ್ತೆ ಸೆರಗು ಸರಿಸಿ ಅದನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡಳು. ಅಜ್ಜಿ ತಲೆ ಎತ್ತಲಿಲ್ಲ. ಹಸನಾದ ಜೋಳವನ್ನೇ ಮತ್ತೆ ಕೇರತೊಡಗಿದಳು.