ಕೇಳುವವರು ಒಬ್ಬರು

ಖಾಸಿಂ ಅಲಿ ಇವತ್ತು ನೋಟ್‌ಬುಕ್ ತಂದಿರಲಿಲ್ಲ. ಕೋಟಿನ ಒಳಜೇಬಿನಲ್ಲಿ ಠಾಣೆಯಿಂದ ಕದ್ದ ಎರಡು ಕಾಗದಗಳಿದ್ದವು. ಮಿಶನ್ ವಾಚನಾಲಯದ ಹೊಸ್ತಿಲು ದಾಟುವ ಮೊದಲು ಅವು ಅಲ್ಲೇ ಇವೆಯೇ ಎಂದು ಮುಟ್ಟಿ ನೋಡಿಕೊಂಡ.

“ಬರ್ರಿ ಸಾಹೇಬ್ರ, ಹತ್ತಕ್ಕ ಇನ್ನಾ ಐದು ನಿಮಿಷ ಅದ,” ಎಂದ ವಾಚನಾಲಯ ನೋಡಿಕೊಳ್ಳುವ ಮಾಣಿಕ ಮಾಸ್ತರ. “ಇಡೀ ಔರಾದದಾಗ ಘಡಿಯಾಳ ನೋಡಿ ಬರೋರು ನೀವೊಬ್ರೇ.”

ಕಿಟಕಿಯ ಪಕ್ಕ, ಬೆಳಕು ಬೀಳುವಲ್ಲಿ, ಬೆನ್ನಿರುವ ಒಂದೇ ಕುರ್ಚಿ. ಕಿಟಕಿಯ ಕಟ್ಟೆಯ ಮೇಲೆ ಮಸಿದಾನಿ. ನಾಲ್ಕು ವರ್ಷಗಳ ಹಿಂದೆ, ಅವನು ಬಂದ ಮೊದಲ ರವಿವಾರವೂ ಅವು ಅಲ್ಲೇ ಇದ್ದವು. ಬರೆದುಕೊಳ್ಳಲು ಒಳ್ಳೆಯ ಜಾಗ ಎಂದು ಖಾಸಿಂ ಅಂದೇ ಅಂದುಕೊಂಡಿದ್ದ.

ಕೋಣೆಯಲ್ಲಿ ಕಲಿಯಲು ಬೇಕಾದದ್ದೆಲ್ಲ ಇತ್ತು. ಗೋಡೆಗೆ ಲೋಕದ ನಕಾಶೆ. ಮಿಶನರಿಗಳಿರುವ ಕಡೆಯೆಲ್ಲ ಕೆಂಪು ಚುಕ್ಕಿ. ಕಪಾಟಿನಲ್ಲಿ ಅವರ ಚರಿತ್ರೆಗಳು, ಸುವಾರ್ತೆಯ ಪುಸ್ತಕಗಳು, ಬೀದರಿನಿಂದ ಬರುವ ಮಾಸಪತ್ರಿಕೆ. ಇಲ್ಲದ್ದು ಜನ. ಮೇಲ್ಜಾತಿಯವರು ಮಾಣಿಕ ಕೂತ ಜಾಗಕ್ಕೆ ಕಾಲಿಡುತ್ತಿರಲಿಲ್ಲ. ಅವನ ಕೇರಿಯವರನ್ನು ಹೊಲದ ಮಾಲಕರು ಬಿಡುತ್ತಿರಲಿಲ್ಲ. ಹೆಂಡತಿ ಕೌಸಲ್ಯಾಬಾಯಿ ಇರುವ ತನಕ ಅವಳೇ ಬಂದು ಬೆಂಚಿನ ಮೇಲೆ ಕೂತು ಕೇಳುತ್ತಿದ್ದಳು. ಅವಳು ಕಾಲರಾದಲ್ಲಿ ಸತ್ತಳು. ಹಿತ್ತಲಿನಲ್ಲೇ ಮಣ್ಣು ಮಾಡಿದರು. ಮೂರು ತಿಂಗಳು ಯಾರೂ ಬರದಿದ್ದರೆ ವಾಚನಾಲಯ ಮುಚ್ಚಿ ಭಾಲ್ಕಿಗೆ ಹೋಗಬೇಕೆಂದು ಬೀದರಿನಿಂದ ಮಾಣಿಕನಿಗೆ ಪತ್ರ ಬಂತು.

ಮೂರು ತಿಂಗಳು ತುಂಬುವ ಮೊದಲು ಖಾಸಿಂ ಬಂದಿದ್ದ.

ಅವನು ಆಗಷ್ಟೇ ವರ್ಗವಾಗಿ ಬಂದಿದ್ದ, ಪೊಲೀಸ್ ಠಾಣೆಯ ಗುಮಾಸ್ತ. ಮಾಣಿಕನಿಗೆ ಹೇಳಿದ್ದು ಕಿರಾಣಿ ಅಂಗಡಿಯ ಮುನೀಮನೆಂದು. ಔರಾದ ಸಣ್ಣ ಊರು, ಸುಳ್ಳು ಬಹಳ ದಿನ ಬಾಳುವ ಜಾಗವಲ್ಲ. ಆದರೆ ಮಾಣಿಕನ ಜೊತೆ ಯಾರೂ ಮಾತಾಡುತ್ತಿರಲಿಲ್ಲ. ಅವನಿಗೆ ಹೇಳುವವರು ಯಾರು?

ಠಾಣೆಗೆ ಹೆಸರಿಲ್ಲದ ಒಂದು ಅರ್ಜಿ ಬಂದಿತ್ತು. ದುಂಡಗಿನ ಉರ್ದು ಅಕ್ಷರ. ಮಿಶನ್ ವಾಚನಾಲಯದಲ್ಲಿ ಪ್ರತಿ ರವಿವಾರ ಹತ್ತು ಗಂಟೆಗೆ ಸರಕಾರದ ವಿರುದ್ಧ ಮಾತು ನಡೆಯುತ್ತದೆ. ಕೇಳಲು ಒಬ್ಬರನ್ನು ಕಳಿಸಬೇಕು. ಕನ್ನಡ ಬಲ್ಲವರನ್ನೇ ಕಳಿಸಬೇಕು.

ಖಾಸಿಂ ಕೇಳಿದ್ದು ಬೇರೆ. ಯಾವುದೋ ದ್ವೀಪದಲ್ಲಿ ಏಳು ವರ್ಷ ಖಾಲಿ ಚಾಪೆಗಳಿಗೆ ಬೋಧಿಸಿದ ಮಿಶನರಿಯ ಕತೆ. ಎಂಟನೆಯ ವರ್ಷ ಒಬ್ಬ ಬಂದು ಬಾಗಿಲಲ್ಲಿ ನಿಂತನಂತೆ, ಮಳೆ ನಿಲ್ಲುವವರೆಗೆ. ‘ಆಕ್ಷೇಪಿಸುವಂಥದ್ದು ಏನೂ ಇಲ್ಲ’ ಎಂದು ಖಾಸಿಂ ವರದಿ ಬರೆದ. ಎರಡು ವರ್ಷ ಅದನ್ನೇ ಬರೆದ. ಠಾಣೆಯ ಮುಖ್ಯಸ್ಥ ಅಮೀನಸಾಹೇಬರು ಬೇಸತ್ತು, ಇನ್ನು ಹೋಗಬೇಡ ಎಂದರು. ಹದಿನೈದು ದಿನದಲ್ಲಿ ಎರಡನೆಯ ಅರ್ಜಿ. ಅದೇ ಅಕ್ಷರ: ಮಾತು ಈಗ ಹೆಚ್ಚಾಗಿದೆ. ಖಾಸಿಂ ಮತ್ತೆ ಕುರ್ಚಿಗೆ ಬಂದ. ಒಳಗೊಳಗೇ ಅವನಿಗೆ ಖುಷಿಯಾಗಿತ್ತು. ಠಾಣೆಯಲ್ಲಿ ಯಾರೂ ಅವನಿಗೆ ಚಹಾ ಕೊಡುತ್ತಿರಲಿಲ್ಲ.

ಮಾಸಪತ್ರಿಕೆಯ ಪ್ರಾರ್ಥನೆಯ ಪುಟದಲ್ಲಿ ಪ್ರತಿ ಸಲ ಒಂದು ಸಾಲು ಅಚ್ಚಾಗುತ್ತಿತ್ತು: ‘ಔರಾದ. ಕೇಳುವವರು ಒಬ್ಬರು. ಅವರಿಗಾಗಿ ಪ್ರಾರ್ಥಿಸಿರಿ.’ ಅದು ಇಂಗ್ಲಿಷಿಗೆ ಹೋಗಿ, ಹಡಗು ಹತ್ತಿ, ಸಮುದ್ರದಾಚೆ ಯಾರೋ ಮುದುಕಿಯ ಕೈ ಸೇರಿತ್ತು. ಆಕೆ ಆ ಒಬ್ಬರಿಗೆಂದು ಉಣ್ಣೆಯ ಮಫ್ಲರ್ ಹೆಣೆದು ಕಳಿಸಿದ್ದಳು. ಖಾಸಿಂ ಅದನ್ನು ಚಳಿಗಾಲದಲ್ಲಿ ಕೊರಳಿಗೆ ಸುತ್ತಿಕೊಳ್ಳುತ್ತಿದ್ದ.

ಈ ಸೆಪ್ಟೆಂಬರಿನಲ್ಲಿ ಹಿಂದುಸ್ತಾನದ ಫೌಜು ಬಂತು. ನಿಜಾಮರ ಆಳಿಕೆ ಮುಗಿಯಿತು. ಸುತ್ತಲ ಹಳ್ಳಿಗಳಲ್ಲಿ ಮುಸಲ್ಮಾನರನ್ನು ಹುಡುಕಿ ಕೊಂದರು. ಖಾಸಿಂನನ್ನು ಮೂರು ದಿನ ಕಪಾಟಿನ ಹಿಂದೆ ಅಡಗಿಸಿಟ್ಟವನು ಮಾಣಿಕ. ಆ ಮೂರು ದಿನವೂ ಅವನು ಪಿಸುದನಿಯಲ್ಲಿ ಮಾತಾಡಿದ್ದೇ ಮಾತಾಡಿದ್ದು.

ಈಗ ನವೆಂಬರ್. ಖಾಸಿಂನ ಕೆಲಸ ಹೋಗಿತ್ತು. ನಾಳೆ ಬೀದರ, ಅಲ್ಲಿಂದ ಹೈದರಾಬಾದಿನಲ್ಲಿರುವ ಅಣ್ಣನ ಮನೆ. ಅರ್ಜಿ ಬರೆದವನು ಮಾತ್ರ ಊರಲ್ಲೇ ಇದ್ದಾನೆ. ಮಾಸ್ತರನಿಗೆ ಏನು ಮಾಡುತ್ತಾನೋ. ಹೇಳದೆ ಹೋಗುವ ಹಾಗಿರಲಿಲ್ಲ.

“ಮಾಸ್ತರ, ನಾ ಮುನೀಮ ಅಲ್ರಿ. ಠಾಣಾದಾಂವ. ನಿಮ್ಮ ಮ್ಯಾಲ ಕಣ್ಣಿಡ್ಲಿಕ್ಕ ಕಳ್ಸಿದ್ರು.”

“ಹೌದೇನ್ರಿ?” ಮಾಣಿಕ ಕಪ್ಪಿನಿಂದ ಬಸಿಗೆ ಚಹಾ ಸುರಿದ. “ಹಂಗಿದ್ರ ಸರಕಾರಕ್ಕ ಭಾಳ ನಿಯತ್ತಿನ ಮನಷ್ಯಾ ನೀವು. ನಡುವ ಎರಡು ಬಿಟ್ರ ಒಂದು ರವಿವಾರ ತಪ್ಪಿಸ್ಲಿಲ್ಲ.”

“ಚಾಷ್ಟಿ ಮಾಡಬ್ಯಾಡ್ರಿ. ಈ ಊರಾಗ ನಿಮಗೊಬ್ಬ ದುಶ್ಮನ್ ಇದ್ದಾನ.” ಖಾಸಿಂ ಎರಡೂ ಕಾಗದಗಳನ್ನು ಮೇಜಿನ ಮೇಲಿಟ್ಟ. “ಅಂವ ಬರ್ದ ಅರ್ಜಿ ಇವು. ಉರ್ದು ಅದ. ಓದಿ ಹೇಳ್ಲೇನ್ರಿ?”

“ಬ್ಯಾಡ್ರಿ.” ಮಾಣಿಕ ಅವನ್ನು ಬಿಚ್ಚದೆ ಬೈಬಲಿನೊಳಗೆ ಸೇರಿಸಿದ. “ಪಾಪ, ಅಂವ ನಮಗ ಕೆಟ್ಟದ್ದೇನು ಮಾಡ್ಯಾನ ಹೇಳ್ರಿ?”

“ನೀವು ತೀರಾ ಭೋಳೆ ಅದೀರಿ!” ಖಾಸಿಂಗೆ ಸಿಟ್ಟು ಬಂತು. ಕೊರಳಿನ ಮಫ್ಲರ್ ಬಿಚ್ಚಿದ. “ಇದೂ ನಂದಲ್ರಿ. ನಂಬಿ ಬಂದಾಂವಗ ಕಳ್ಸಿದ್ದು.”

“ಕೇಳ್ಲಿಕ್ಕ ಬಂದಾಂವಗ ಕಳ್ಸಿದ್ದು. ನೀವು ಕೇಳಿಲ್ಲೇನು?”

ಖಾಸಿಂ ಮಫ್ಲರನ್ನು ಕುರ್ಚಿಯ ಬೆನ್ನಿಗೆ ಹಾಕಿ, ಬಸಿಯಲ್ಲಿದ್ದ ಚಹಾವನ್ನು ನಿಂತೇ ಕುಡಿದು ಹೊರಟುಹೋದ.

ಮುಂದಿನ ಹನ್ನೊಂದು ರವಿವಾರ ಮಾಣಿಕ ಹತ್ತಕ್ಕೆ ಸರಿಯಾಗಿ ಎದ್ದು ನಿಂತ. ಕುರ್ಚಿಯನ್ನು ನೋಡಿದ. ಕೂತ. ಬೀದರಿಗೆ ಕಳಿಸುವ ಹಾಜರಿ ಪಟ್ಟಿಯಲ್ಲಿ ‘ಯಾರೂ ಇಲ್ಲ’ ಎಂದು ಹನ್ನೊಂದು ಸಲ ಬರೆದ. ಹನ್ನೆರಡನೆಯ ರವಿವಾರ ಹಿತ್ತಲಿಗೆ ಹೋಗಿ, ಕೌಸಲ್ಯಾಬಾಯಿಯ ಮಣ್ಣಿನ ಮೇಲೆ ಬೆಳೆದ ಹುಲ್ಲು ಕಿತ್ತ. ಕೈ ತೊಳೆದು ಒಳಗೆ ಬಂದು, ಕಿಟಕಿಯ ಕಟ್ಟೆಯಿಂದ ಮಸಿದಾನಿ ಇಳಿಸಿಕೊಂಡ.

ಹೊಸ ಸರಕಾರದ ಪೊಲೀಸ್ ಸಾಹೇಬರಿಗೆ ಎಂದು ದುಂಡಗಿನ ಉರ್ದು ಅಕ್ಷರಗಳಲ್ಲಿ ಶುರುಮಾಡಿ, ಕೊನೆಯಲ್ಲಿ ಹೆಸರು ಹಾಕದೆ ಮುಗಿಸಿದ: ‘ಕೇಳಲು ಒಬ್ಬರನ್ನು ಕಳಿಸಬೇಕು. ಕನ್ನಡ ಬಲ್ಲವರನ್ನೇ ಕಳಿಸಬೇಕು.’